ಜೋಡಿ ಮುರಿದವಳು

ಒಣಗಿಸುವ ಯಂತ್ರದಿಂದ ಆಗತಾನೇ ಹೊರಬಂದ ಬೆಡ್‌ಶೀಟು ಮುಟ್ಟಿದರೆ ಕೈ ಸುಡುತ್ತದೆ. ಹಾಗಂತ ಆರಲಿ ಎಂದು ಬಿಟ್ಟರೆ ಸುಕ್ಕು ಕೂತುಬಿಡುತ್ತದೆ. ಹಾಗಾಗಿ ಆ ಆಸ್ಪತ್ರೆಯ ಲಾಂಡ್ರಿಯ ಹೆಂಗಸರು ಬಿಸಿಬಿಸಿ ಇರುವಾಗಲೇ ಮಡಚುತ್ತಿದ್ದರು. ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಇಬ್ಬರು ಎದುರುಬದುರು ನಿಂತು, ಮೂಲೆಗಳನ್ನು ಹಿಡಿದು, ಒಮ್ಮೆ ಜೋರಾಗಿ ಕೊಡವಿ, ಒಬ್ಬರ ಕಡೆಗೊಬ್ಬರು ನಡೆದುಬಂದು ಮೂಲೆಗೆ ಮೂಲೆ ಸೇರಿಸಬೇಕು. ಯಾರಿಗೆ ಯಾರು ಜೋಡಿ ಎಂದು ಗೊತ್ತುಮಾಡುತ್ತಿದ್ದವಳು ಸಿಳ್ಳೆಯಮ್ಮ.

ಅವಳು ಅಲ್ಲಿನ ಮೇಲ್ವಿಚಾರಕಿ. ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳದೆಂದು ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆಯುತ್ತಿದ್ದಳು. ಚಿಕ್ಕಂದಿನಲ್ಲಿ ಇದೇ ಸಿಳ್ಳೆಗೆ "ಹೆಣ್ಣುಮಕ್ಕಳ ಲಕ್ಷಣವೇನೇ ಇದು?" ಎಂದು ಅಪ್ಪನಿಂದ ಬೆನ್ನಿಗೆ ಗುದ್ದಿಸಿಕೊಂಡವಳು, ಈಗ ಅದೇ ವಿದ್ಯೆಯಿಂದ ಅನ್ನ ತಿನ್ನುತ್ತಿದ್ದೇನೆ ಎಂದು ಹೇಳಿಕೊಂಡು ನಗುತ್ತಿದ್ದಳು. ಕುಡಿದು ಬಂದು ಬಾರಿಸುವ ಗಂಡನನ್ನು ಬಿಟ್ಟು, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಈ ಊರಿಗೆ ಬಂದು, ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಮೇಲೆ ಬಂದ ಹೆಂಗಸು. ಲಾಂಡ್ರಿಯ ಯಾವ ಹುಡುಗಿಯಾದರೂ ಕೆನ್ನೆ ಊದಿಸಿಕೊಂಡು ಕೆಲಸಕ್ಕೆ ಬಂದರೆ ಸಂಜೆ ಅವಳ ಮನೆ ಬಾಗಿಲಲ್ಲಿ ಸಿಳ್ಳೆಯಮ್ಮ ಹಾಜರು. "ಹೆಂಡ್ತಿ ಅಂದ್ರೆ ಒಗೆಯೋ ಕಲ್ಲು ಅನ್ಕೊಂಡಿದೀಯೇನಪ್ಪಾ?" ಎಂದು ಅವಳು ಕೇಳಿದರೆ ಎಂಥ ಗಂಡಸೂ ನೆಲ ನೋಡುತ್ತಿದ್ದ.

ಜೋಡಿ ಮಾಡುವಾಗ ಅವಳು ನೋಡುತ್ತಿದ್ದುದು ಎತ್ತರವನ್ನು. ಸಮ ಎತ್ತರದವರು ಹಿಡಿದರೆ ಮಡಿಕೆ ಸೊಟ್ಟವಾಗುವುದಿಲ್ಲ. ಈ ನಿಯಮ ಮೀರಿದ ಜೋಡಿ ಒಂದೇ ಒಂದಿತ್ತು. ಒಬ್ಬಳು ಅವಳದೇ ಮಗಳು. ಗಿಡ್ಡಗೆ, ಚುರುಕಾಗಿ ಇದ್ದುದರಿಂದ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಇನ್ನೊಬ್ಬಳು ದೂರದ ಊರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಉದ್ದನೆಯ ಹುಡುಗಿ, ಏಣಿ. ಏಣಿ ಕೈ ಎಷ್ಟು ತಗ್ಗಿಸಬೇಕು, ಗುಬ್ಬಿ ಎಷ್ಟು ಎತ್ತಬೇಕು ಎಂಬುದು ಅವರಿಗೇ ಗೊತ್ತು. ಅವರಷ್ಟು ನೇರವಾಗಿ ಮಡಚುವವರು ಇರಲಿಲ್ಲ. "ಇವರದು ಗಂಡ-ಹೆಂಡಿರ ಸಂಸಾರ ಕಣ್ರೇ" ಎಂದು ಉಳಿದವರು ರೇಗಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ರೇಗಿಸುತ್ತಿದ್ದವಳು ಸಿಳ್ಳೆಯಮ್ಮನೇ. "ನಮ್ಮ ಅಳಿಯಂದಿರು ಇನ್ನೂ ಬರಲಿಲ್ವಾ? ಬಂದ್ರೆ ಮೊದಲು ಟೀ ಕೊಡ್ರಮ್ಮಾ, ಮುನಿಸ್ಕೊಂಡಾರು" ಎಂದರೆ ಇಡೀ ಲಾಂಡ್ರಿ ಗೊಳ್ಳೆನ್ನುತ್ತಿತ್ತು. ಏಣಿ ಕಿವಿಯವರೆಗೂ ಕೆಂಪಾಗುತ್ತಿದ್ದಳು.

ಒಂದು ರಜೆಯ ಮಧ್ಯಾಹ್ನ ಊಟವಾದ ಮೇಲೆ ತಟ್ಟೆ ತೊಳೆಯುತ್ತ ಗುಬ್ಬಿ, "ಅಮ್ಮ, ನಾನೂ ಏಣೀನೂ ಸೇರಿ ಒಂದು ರೂಮು ಮಾಡೋಣ ಅಂತಿದೀವಿ" ಎಂದಳು.

"ರೂಮು ಯಾಕೆ? ಇಲ್ಲಿಗೇ ಬರ್ಲಿ. ಪಾಪ, ಆ ಹಾಸ್ಟೆಲಿನ ಊಟ ತಿಂದು ಕಡ್ಡಿಯಾಗಿದಾಳೆ."

"ಹಾಗಲ್ಲಮ್ಮ." ಗುಬ್ಬಿ ನಲ್ಲಿ ನಿಲ್ಲಿಸಿದಳು. "ನೀನು ಅಳಿಯ, ಅಳಿಯ ಅಂತ ತಮಾಷೆ ಮಾಡ್ತೀಯಲ್ಲ. ನನಗದು ತಮಾಷೆ ಅಲ್ಲ. ನಂಗೆ ಅವಳ ಜೊತೆಗೇ ಬದುಕಬೇಕು. ಬೇರೆ ಯಾರನ್ನೂ ಮದುವೆ ಆಗಲ್ಲ."

ಸಿಳ್ಳೆಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಗಂಡಸರು ಅಂದ್ರೆ ಭಯಾನೇನೇ? ನಿಮ್ಮಪ್ಪನ ಕಥೆ ಕೇಳಿ ಕೇಳಿ ಹೀಗಾಯ್ತಾ? ಎಲ್ಲರೂ ಹಾಗಿರಲ್ಲ ಕಣೇ."

"ಭಯ ಏನಿಲ್ಲ. ಇಷ್ಟ ಇಲ್ಲ. ಇಷ್ಟ ಇರೋದು ಅವಳ ಮೇಲೆ."

"ಗಂಡನ್ನ ಬಿಟ್ಟೋಳು ಅನ್ನೋ ಒಂದು ಮಾತಿಗೆ ನಾನು ಎಷ್ಟು ಜನರ ಬಾಗಿಲಲ್ಲಿ ಸಣ್ಣವಳಾದೆ ನಿಂಗೆ ಗೊತ್ತಾ? ಆದ್ರೂ ಜನಕ್ಕೆ ಅದು ಅರ್ಥ ಆಗ್ತಿತ್ತು. ಹೊಡೀತಿದ್ದ, ಬಿಟ್ಟಳು. ನಿಮ್ಮದನ್ನ ಏನಂತ ಹೇಳೋದೇ? ಊರ ಬಾಯಿಗೆ ಬಿದ್ರೆ ಹರಿದು ತಿಂತಾರೆ. ನಾಳೆ ನಾನು ಸತ್ತರೆ ನಿನ್ನ ಕಡೆ ನಿಲ್ಲೋರು ಯಾರು?"

"ಅವಳು ನಿಲ್ತಾಳೆ."

"ಅವಳ ಕಡೆ?"

"ನಾನು."

ಗಂಡು ಬೇಡವೆನ್ನುವ ಹೆಣ್ಣನ್ನು ಸಿಳ್ಳೆಯಮ್ಮ ಬಲ್ಲಳು, ತಾನೇ ಅಂಥವಳು. ಹೆಣ್ಣೇ ಬೇಕೆನ್ನುವ ಹೆಣ್ಣು ಅವಳ ತಿಳಿವಿನಾಚೆಯ ಸಂಗತಿ. ಅವಳಿಗೆ ಮಗಳ ಮೇಲೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು, ಮತ್ತು ಹೆದರಿದವರು ಮಾಡುವಷ್ಟು ಕೇಡನ್ನು ಸಿಟ್ಟಾದವರು ಮಾಡುವುದಿಲ್ಲ.

ಮಾರನೆಯ ದಿನ ಏಣಿಯನ್ನು ತೊಟ್ಟಿಯ ಕಡೆಗೆ ಹಾಕಿದಳು. "ಎತ್ತರ ಸರಿಹೋಗ್ತಿಲ್ಲ, ಮಡಿಕೆ ಸೊಟ್ಟ ಬರ್ತಿದೆ" ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಊಟದ ಹೊತ್ತಿಗೆ ಹೊರಗೆ ಹೋಗಿ ಏಣಿಯ ಅಣ್ಣನಿಗೆ ಫೋನು ಮಾಡಿದಳು. "ನಿಮ್ಮ ತಂಗಿ ದಾರಿ ತಪ್ತಿದಾಳೆ, ನನ್ನ ಮಗಳನ್ನೂ ಹಾಳು ಮಾಡ್ತಿದಾಳೆ. ಬೇಗ ಕರ್ಕೊಂಡು ಹೋಗಿ ಮದುವೆ ಮಾಡಿ" ಎಂದಳು. ಯಾವ ದಾರಿ ಎಂಬುದನ್ನೂ ಹೇಳಿದಳು.

ಅಣ್ಣ ಬಂದ. ಕೂಗಾಡಲಿಲ್ಲ, ಕೈಯೆತ್ತಲಿಲ್ಲ. ತಂಗಿಯನ್ನು ಆಟೋದಲ್ಲಿ ಕೂರಿಸಿ, ಅವಳ ಚೀಲ ತಾನೇ ಹೊತ್ತಿಟ್ಟು, ಲಾಂಡ್ರಿಯ ಬಾಗಿಲಲ್ಲಿದ್ದ ಸಿಳ್ಳೆಯಮ್ಮನ ಹತ್ತಿರ ಬಂದು, "ನೀವು ನಮಗೆ ತಾಯಿ ಸಮಾನ. ಮನೆ ಮರ್ಯಾದೆ ಉಳಿಸಿದ್ರಿ" ಎಂದು ಮೆಲ್ಲಗೆ ಹೇಳಿ ಹೋದ. ಗುಬ್ಬಿ ಗೇಟಿನವರೆಗೂ ಓಡಿದಳು. ಏಣಿ ಹಿಂತಿರುಗಿ ನೋಡಿದಳು, ಅಷ್ಟರಲ್ಲಿ ಆಟೋ ಹೊರಟಿತು.

ಮಗಳು ಅತ್ತು ರಂಪ ಮಾಡುತ್ತಾಳೆ, ಅನ್ನ ಬಿಡುತ್ತಾಳೆ ಎಂದು ಸಿಳ್ಳೆಯಮ್ಮ ಸಜ್ಜಾಗಿದ್ದಳು. ಅಂಥದ್ದೇನೂ ಆಗಲಿಲ್ಲ. ಕೆಲಸದಲ್ಲಿ ಗುಬ್ಬಿ, "ನನಗೆ ದಿಂಬಿನ ಕವರು ಕೊಡು, ಅದಕ್ಕೆ ಜೋಡಿ ಬೇಡ" ಎಂದು ಕೇಳಿ ಒಂದು ಮೂಲೆ ಸೇರಿದಳು. ಮನೆಯಲ್ಲಿ ಊಟ ಮಾಡು ಎಂದರೆ ಮಾಡಿದಳು, ಮಲಗು ಎಂದರೆ ಮಲಗಿದಳು. ಏಣಿಗೆ ಮದುವೆಯಾಯಿತಂತೆ ಎಂಬ ಸುದ್ದಿ ಬಂದ ದಿನವೂ ಕವರುಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇದ್ದಳು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವ ಒಬ್ಬ ಸಾಧು ಹುಡುಗನ ಸಂಬಂಧ ಬಂದಾಗ, "ಆಗಬಹುದೇನೇ?" ಎಂದು ತಾಯಿ ಕೇಳಿದರೆ, "ಹೂಂ" ಎಂದಳು. "ಮುಖ ನೋಡಿ ಹೇಳೇ." "ಹೂಂ ಅಂದ್ನಲ್ಲಮ್ಮ."

ಬೇಕಾದದ್ದು ಸಿಕ್ಕಿತ್ತು. ಆದರೆ ಆ "ಹೂಂ" ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಸಿಳ್ಳೆಯಮ್ಮನನ್ನು ಕಾಡಿತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಏಣಿ ಈಗ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತಾಳೆ. ಹೋಗಿ ಕಣ್ಣಾರೆ ನೋಡಿ ಬಂದು ಮಗಳಿಗೆ ಹೇಳಿದರೆ ಇವಳ ಮನಸ್ಸೂ ತಿಳಿಯಾಗುತ್ತದೆ. ಸಾಧ್ಯವಾದರೆ ಅವಳ ಬಾಯಿಂದಲೇ ಒಂದು ಮಾತು ಹೇಳಿಸಬೇಕು. ಹಾಗೆಂದುಕೊಂಡು ಬಸ್ಸು ಹತ್ತಿದಳು.

ಮನೆ ಅಚ್ಚುಕಟ್ಟಾಗಿತ್ತು. ಅತ್ತೆ ಬಾಯಿತುಂಬ ಮಾತಾಡಿಸಿ, ಟೀ ಕೊಟ್ಟು, "ನೀವು ಮಾತಾಡ್ತಿರಿ" ಎಂದು ಪಕ್ಕದ ಮನೆಗೆ ಹೋದಳು. ಏಣಿ ಗೋಡೆಗೆ ಒರಗಿ ನಿಂತಿದ್ದಳು. ಅಷ್ಟು ಎತ್ತರದ ಹುಡುಗಿ ಅದು ಹೇಗೋ ಕುಗ್ಗಿಹೋಗಿದ್ದಳು.

"ಗಂಡ ಹೇಗಮ್ಮಾ?"

"ಒಳ್ಳೆಯವರು. ಕುಡಿಯಲ್ಲ, ಹೊಡೆಯಲ್ಲ. ಸಂಜೆ ಬರೋವಾಗ ತಿನ್ನೋಕೆ ಏನಾದ್ರೂ ತರ್ತಾರೆ."

"ಮತ್ತೆ ಯಾಕೆ ಹೀಗಾಗಿದೀಯಾ?"

ಏಣಿ ಬಾಗಿಲ ಕಡೆ ಒಮ್ಮೆ ನೋಡಿದಳು. "ಅವರು ಹತ್ತಿರ ಬಂದಾಗ, ಇದು ನನ್ನ ಮೈ ಅಲ್ಲ, ಬೇರೆ ಯಾರದೋ ಅನ್ಕೊಂಡು ಕಣ್ಣು ಮುಚ್ಕೋತೀನಿ. ಮುಗಿಯುತ್ತೆ. ಮತ್ತೆ ನಾಳೆ."

ಸಿಳ್ಳೆಯಮ್ಮ ಲೋಟ ಕೆಳಗಿಟ್ಟಳು. "ಬಿಟ್ಟು ಬಂದ್ಬಿಡೇ. ನಾನಿಲ್ವಾ?"

"ನೀವು ಏಟು ತೋರಿಸಿ ಹೊರಗೆ ಬಂದ್ರಿ ಅಮ್ಮ. ನಾನು ಏನು ತೋರಿಸ್ಲಿ? ಒಳ್ಳೆ ಗಂಡನ್ನ ಬಿಡೋಕೆ ಯಾವ ಕಾರಣ ಹೇಳ್ಲಿ? ಎಷ್ಟೋ ಸಲ ಅನ್ಸುತ್ತೆ, ಇವರು ಒಂದೇಟು ಹೊಡೀಬಾರ್ದಾ ಅಂತ." ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಈಗಂತೂ ಎಲ್ಲಿಗೂ ಹೋಗೋ ಹಾಗಿಲ್ಲ."

ಆಮೇಲೆ ಏಣಿಯೇ ಕೇಳಿದಳು. "ಗುಬ್ಬಿ?"

"ಮದುವೆ ಗೊತ್ತಾಗಿದೆ."

"ಹುಡುಗ ಒಳ್ಳೆಯವನಾ?"

"ತುಂಬ ಒಳ್ಳೆಯವನು."

"ಹಾಗಾದ್ರೆ ಕಷ್ಟ" ಎಂದಳು ಏಣಿ.

ಹೊರಡುವಾಗ ಬಾಗಿಲವರೆಗೂ ಬಂದು, "ಅಣ್ಣಂಗೆ ಯಾರು ಚಾಡಿ ಹೇಳಿದ್ರೋ ಇವತ್ತಿಗೂ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಾಗಿದ್ರೆ ಅವರ ಜುಟ್ಟು ಹಿಡಿದು ಕೇಳ್ತಿದ್ರಿ, ಅಲ್ವಾ ಅಮ್ಮ?" ಎಂದಳು. ಊರಿನ ಗಂಡಸರನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸಿದ ಹೆಂಗಸಿಗೆ "ನಾನೇ" ಎಂಬ ಮಾತು ಬಾಯಿಗೆ ಬರಲಿಲ್ಲ. ಹೂಂಗುಟ್ಟಿ ಬಸ್ಸಿನ ಕಡೆ ನಡೆದಳು. ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅವಳಿಗೂ ಬಂದಿತ್ತು. ಕೆಟ್ಟಿದ್ದು ಮಾತ್ರ ಇನ್ನೊಬ್ಬಳ ಬದುಕು.

ಮರುದಿನ ಔಷಧಿ ಕೌಂಟರಿನ ಹುಡುಗನನ್ನು ಪಕ್ಕಕ್ಕೆ ಕರೆದು, "ನಿನ್ನಲ್ಲಿ ಏನೂ ತಪ್ಪಿಲ್ಲಪ್ಪಾ. ನಮ್ಮ ಹುಡುಗಿಗೆ ಮದುವೆ ಇಷ್ಟ ಇಲ್ಲ. ನಾನೇ ಬಲವಂತ ಮಾಡಿದ್ದೆ" ಎಂದಳು. ಅವನು ಮುಖ ಸಣ್ಣ ಮಾಡಿಕೊಂಡು ಹೋದ. ಸಂಜೆ ಮಗಳ ಮುಂದೆ ಕೂತು ಹೇಳಿದಳು.

"ಸಂಬಂಧ ಬೇಡ ಅಂದ್ಬಿಟ್ಟೆ. ಇನ್ನೊಂದು ಮಾತು. ಅವಳ ಅಣ್ಣಂಗೆ ಫೋನ್ ಮಾಡಿದ್ದು..."

"ನೀನು. ಗೊತ್ತು."

"ಗೊತ್ತಿತ್ತಾ? ಯಾವಾಗಿಂದ?"

"ಅವತ್ತೇ. ನಿನ್ನ ಹಿಂದೆನೇ ಇದ್ದೆ, ಅವನು ನಿಂಗೆ ಹೇಳಿ ಹೋದದ್ದು ಕೇಳಿಸ್ತು."

"ಮತ್ತೆ ಒಂದು ಮಾತೂ ಬೈಲಿಲ್ವಲ್ಲೇ. ಎಲ್ಲದಕ್ಕೂ ಹೂಂ ಅಂದೆ."

ಗುಬ್ಬಿ ಉಗುರು ನೋಡಿಕೊಳ್ಳುತ್ತ, "ಭಯ ಆಗಿತ್ತು" ಎಂದಳು. "ಇಲ್ಲ ಅಂದ್ರೆ ನೀನು ಇನ್ನೇನು ಮಾಡ್ತೀಯೋ ಅಂತ."

ಸಿಳ್ಳೆಯಮ್ಮ ಗೋಡೆಗೆ ತಲೆಯಾನಿಸಿ ಕೂತಳು. ತಾನು ಮನೆಬಿಟ್ಟು ಬಂದದ್ದು ಇಂಥದೇ ಭಯಕ್ಕೆ. ಏಣಿಯ ಮನೆಗೆ ಹೋಗಿದ್ದೆ ಎಂದಾಗ ಮಗಳು ಅವಳ ಬಗ್ಗೆ ಕೇಳಿದಳು. ತಾಯಿ ಕಂಡದ್ದನ್ನು ಮುಚ್ಚದೆ ಹೇಳಿದಳು, ಹೊಟ್ಟೆಯಲ್ಲಿದ್ದ ಕೂಸಿನ ವಿಷಯವನ್ನೂ. ಗುಬ್ಬಿ ಕೇಳಿ ಎದ್ದುಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಎದ್ದು, "ನಾನು ಬೇರೆ ರೂಮು ನೋಡ್ಕೋತೀನಿ" ಎಂದಳು. ಈ ಸಲ ತಾಯಿ ಯಾಕೆ ಎಂದು ಕೇಳಲಿಲ್ಲ.

ಒಂಟಿ ಹುಡುಗಿಗೆ ರೂಮು ಸಿಗುವುದೇನು ಸುಲಭವೇ. ಗಂಡ ಎಲ್ಲಿ, ಮದುವೆ ಯಾವಾಗ, ರಾತ್ರಿ ಯಾರು ಬರುತ್ತಾರೆ ಎಂದು ಹೋದಲ್ಲೆಲ್ಲ ಕೇಳಿದರು. ಕೊನೆಗೆ ಒಂದು ಕಡೆ, ಮಹಡಿಯ ಮೇಲಿನ ಸಣ್ಣ ಕೋಣೆಗೆ, ಮನೆಯೊಡತಿ ಅರೆಮನಸ್ಸಿನಿಂದ ಒಪ್ಪಿದಳು. ಹಿರಿಯರು ಯಾರಾದರೂ ಬಂದು ಮಾತಾಡಲಿ ಎಂದಳು. ಸಿಳ್ಳೆಯಮ್ಮ ಹಾಸಿಗೆಯ ಸುರುಳಿ ಹೊತ್ತು ಮಗಳ ಹಿಂದೆ ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಒಂದು ಕಿಟಕಿ, ಒಂದು ಗೂಡು, ಮೂಲೆಯಲ್ಲಿ ನಲ್ಲಿ. ಇಬ್ಬರಿಗೆ ಸಾಕಾಗುವಷ್ಟು ಜಾಗವಿತ್ತು.

ಮನೆಯೊಡತಿ ಬಾಗಿಲಲ್ಲೇ ನಿಂತು ವಿಚಾರಿಸಿದಳು. "ಹುಡುಗಿ ಒಬ್ಬಳೇ ಇರ್ತಾಳಾ? ಜೊತೆಗೆ ಯಾರೂ ಇಲ್ವಾ?"

ಗುಬ್ಬಿ ತಲೆ ತಗ್ಗಿಸಿ ಗೂಡಿನ ಧೂಳು ಒರೆಸತೊಡಗಿದಳು.

"ಇದ್ದಳು" ಎಂದಳು ಸಿಳ್ಳೆಯಮ್ಮ. "ನನ್ನ ಮಗಳು ಮನಸಾರೆ ಮೆಚ್ಚಿದವಳು, ಒಬ್ಬ ಹುಡುಗಿ. ಇಬ್ಬರೂ ಇಂಥ ಒಂದು ಕೋಣೇಲಿ ಬದುಕಬೇಕು ಅನ್ಕೊಂಡಿದ್ರು. ನಾನೇ ಅವಳನ್ನ ಅಟ್ಟಿಬಿಟ್ಟೆ."

ಮನೆಯೊಡತಿ ತಾಯಿಯ ಮುಖ, ಮಗಳ ಬೆನ್ನು ಎರಡನ್ನೂ ನೋಡಿ, ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗಿಳಿದುಹೋದಳು. ಗುಬ್ಬಿಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಏಣಿ ಹೋದಂದಿನಿಂದ ಅಳದಿದ್ದವಳು, ತಾಯಿಗೆ ಬೆನ್ನು ಹಾಕಿಕೊಂಡೇ, ಗೂಡಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಹತ್ತಿರ ಹೋಗಿ ಮುಟ್ಟುವ ಹಕ್ಕು ತನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ ಸಿಳ್ಳೆಯಮ್ಮ ಹಾಸಿಗೆ ಹೊತ್ತು ನಿಂತೇ ಇದ್ದಳು.