ಬಾಟಲಿಯ ಮೇಲಿನ ಜಯಮಾಲಾ

ಗುರುದೇವಿಯ ಹೊಟ್ಟೆಕಿಚ್ಚಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಚಿಮ್ಮನಚೋಡದ ಹೊರಗಿನ ಅವರ ಕೆಂಪು ನೆಲದಲ್ಲಿ ದ್ರಾಕ್ಷಿ ಬಳ್ಳಿ ಮೊಣಕಾಲೆತ್ತರ ಇದ್ದಾಗ ಬಾವಿಯಿಂದ ಕೊಡ ಹೊತ್ತು ನೀರು ಹಾಕಿದವಳು ಅವಳು. ಶಹಾಬಾದಿನಿಂದ ಫರಸಿ ಕಲ್ಲು ತರಿಸಿ, ಕಂಬದ ಹಾಗೆ ಸಾಲಾಗಿ ನಿಲ್ಲಿಸಿ ಬಳ್ಳಿ ಹಬ್ಬಿಸಿದವನು ಅವಳ ಗಂಡ ಸಾಯಬಣ್ಣ. ಬಿಸಿಲಿಗೆ ಕಾದ ಆ ಕಲ್ಲು ಸಂಜೆಯಾದ ಮೇಲೂ ಬಳ್ಳಿಗೆ ಕಾವು ಕೊಡುತ್ತದೆ, ಅದಕ್ಕೇ ನಮ್ಮ ಹಣ್ಣಿನ ರಸ ಇಷ್ಟು ಕಡುಗೆಂಪು ಎಂದು ಮನೆಯವರೆಲ್ಲರ ನಂಬಿಕೆ. ಆಮೇಲೆ ಮೈದುನ ಲಕ್ಷ್ಮಿಕಾಂತನ ಹೆಂಡತಿಯಾಗಿ ಬಂದಳು ಜಯಮಾಲಾ, ನಾಸಿಕ್‌ನಲ್ಲಿ ವೈನು ಮಾಡುವುದನ್ನು ಕಲಿತವಳು. ಬರೀ ಹಣ್ಣು ಮಾರುತ್ತಿದ್ದ ಮನೆಯಲ್ಲಿ ಕೆಂಪು ವೈನು ತಯಾರಾಯಿತು. ಬಾಟಲಿಗೆ ಹೆಸರೇನು? 'ಜಯಮಾಲಾ'! ಇಟ್ಟವರು ಸ್ವಂತ ಮಾವ. ನೀರು ಹೊತ್ತವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅಂದಿನಿಂದ ಆ ಬಾಟಲಿ ಕಂಡರೆ ಗುರುದೇವಿಗೆ ಮೈಯೆಲ್ಲ ಉರಿ. ನೆಗೆಣ್ಣಿಯ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಇವತ್ತು ಹೈದರಾಬಾದಿನ ದೊಡ್ಡ ಹೋಟೆಲಿನವರು ವೈನಿನ ರುಚಿ ನೋಡಲು ಬಂದಿದ್ದರು. ಅವರು ಹೂಂ ಅಂದರೆ 'ಜಯಮಾಲಾ' ಹೈದರಾಬಾದಿಗೆ ಹೋಗುತ್ತಿತ್ತು. ಗುರುದೇವಿ ಅಡುಗೆಮನೆಯ ಪರದೆಯ ಸಂದಿಯಿಂದ ನೋಡುತ್ತ ನಿಂತಿದ್ದಳು. "ಯಪ್ಪಾ ಶರಣಬಸಪ್ಪ, ಒಂದೇ ಒಂದ್ಸಲ ಇಕಿ ಸೊಕ್ಕು ಇಳಸು" ಎಂದು ಬೇಡಿಕೊಂಡಳು, ಪುಣ್ಯಾತ್ಗಿತ್ತಿ!

ಬಂದವರಲ್ಲಿ ಕನ್ನಡಕದ ಹೆಂಗಸೊಬ್ಬಳು ಗ್ಲಾಸು ಅಲ್ಲಾಡಿಸಿದಳು, ಮೂಸಿದಳು, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಆಮೇಲೆ ಮುಂದಿದ್ದ ಡಬರಿಗೆ ಉಗುಳಿಬಿಟ್ಟಳು! ಜೊತೆಗೆ ಬಂದವನೂ ಉಗುಳಿದ.

ಗುರುದೇವಿಯ ಹೊಟ್ಟೆಗೆ ಹಾಲೆರೆದಂತಾಯಿತು. ಕೂಗಿ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಬಂದವರಿಗೆ ರೊಟ್ಟಿ ಒಯ್ಯಲು ಜಯಮಾಲಾ ಒಳಗೆ ಬಂದಳು. ಅವಳ ಕಣ್ಣುಗಳು ತುಂಬಿದ್ದವು. ಖುಷಿಯಾದ ಮನುಷ್ಯರಿಗೆ ಕರುಣೆಗೇನು ಬರವೇ? ಗುರುದೇವಿ ಓಡಿಹೋಗಿ ತಬ್ಬಿಕೊಂಡಳು, ಬೆನ್ನು ಸವರಿದಳು.

"ಹೋಗ್ಲಿ ಬಿಡವ್ವಾ ತಂಗಿ, ಅಳಬ್ಯಾಡ. ನಾ ಇದ್ದೀನಲ್ಲ. ಮೊದಲಿನಂಗ ಹಣ್ಣೇ ಮಾರೂಣು."

"ಯಾಕ್ರಿ ಅಕ್ಕಾ, ಏನಾತು?"

"ನಾ ಕಣ್ಣಾರೆ ನೋಡ್ದೆನಲ್ಲ, ಇಬ್ರೂ ಉಗುಳಿದ್ರು!"

ಜಯಮಾಲಾ ಕಿಲಕಿಲ ನಕ್ಕಳು. "ಅಯ್ಯ, ರುಚಿ ನೋಡೋರು ಹಂಗೇ ಉಗುಳ್ತಾರ್ರಿ. ನುಂಗಿದ್ರ ನಿಶಾ ಏರತದ, ಮುಂದಿನ ಗ್ಲಾಸಿನ ರುಚಿ ತಿಳಿಯಂಗಿಲ್ಲ. ಅವರಿಗೆ ಭಾಳ ಸೇರ್ಯಾದ. ಇದ್ದಷ್ಟೂ ಬಾಟ್ಲಿ ಬೇಕಂತ. ಖುಷೀಲೇ ಕಣ್ಣಾಗ ನೀರು ಬಂತು."

ಗುರುದೇವಿಯ ಕೈ ನೆಗೆಣ್ಣಿಯ ಬೆನ್ನ ಮೇಲೆಯೇ ಉಳಿಯಿತು. ತೆಗೆಯಬೇಕೋ ಇಡಬೇಕೋ ಅವಳಿಗೆ ತಿಳಿಯಲಿಲ್ಲ. ಮುಖ ಕಪ್ಪಿಟ್ಟಿತು. ಆ ಮುಖವನ್ನೇ ನೋಡುತ್ತ ಜಯಮಾಲಾಳ ನಗು ನಿಂತುಹೋಯಿತು.

"ಈ ಮನಿಗೆ ಬಂದಾಗಿಂದ ನೀವು ನನ್ನ ಒಮ್ಮೆರ ತಬ್ಬಿಕೊಂಡಿದ್ದಿಲ್ರಿ ಅಕ್ಕಾ," ಎಂದಳು ಮೆಲ್ಲಗೆ. "ನಾ ಸೋತೆ ಅಂತ ಇವತ್ತ ತಬ್ಬಿಕೊಂಡ್ರಿ."

ರೊಟ್ಟಿಯ ತಾಟು ಎತ್ತಿಕೊಂಡು ಹೊರಗೆ ಹೋದಳು.