ಫ್ಯಾನ್ ಮೇಲಿನ ಬಾಣಂತಿ

ಮನೆಗೆ ಬೀಗ ಹಾಕುವ ಮೊದಲು ನಾನು ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡಿದ್ದೆ. ಆಮೇಲೆ ಅದರ ಫೋಟೋ ತೆಗೆದಿದ್ದೆ. ಮೆಯಿನ್ ಸ್ವಿಚ್, ನಲ್ಲಿಗಳು, ಫ್ರಿಜ್ಜು, ಕಿಟಕಿಗಳ ಚಿಲಕ, ಎಲ್ಲದರ ಫೋಟೋ ನನ್ನ ಫೋನಿನಲ್ಲಿತ್ತು. ಬಹರೈನ್‌ನಲ್ಲಿ ಎದೆ ಢವಗುಟ್ಟಿದಾಗಲೆಲ್ಲ ಒಂದೊಂದನ್ನೇ ತೆರೆದು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬಾಲ್ಕನಿಯ ಗಾಜಿನ ಬಾಗಿಲಿನ ಫೋಟೋ ಅಲ್ಲಿರಲಿಲ್ಲ. ಇಲ್ಲದ ಫೋಟೋ ಇಲ್ಲವೆಂದು ಹೊಳೆಯುವುದಾದರೂ ಹೇಗೆ?

ಆ ಬಾಗಿಲು ಒಂದು ಗೇಣು ತೆರೆದೇ ಉಳಿದಿತ್ತು. ಕಾರಣ ನನ್ನ ಅತ್ತೆ ಅಮ್ಮಣಿಯವರ ಹಲಸಿನ ಬೀಜಗಳು. ಅವರು ಪ್ರತಿ ಬೇಸಿಗೆಯ ಕೊನೆಗೆ ಬೀಜಗಳಿಗೆ ಕೆಂಪು ಮಣ್ಣು ಮೆತ್ತಿ, ಹಳೆಯ ಬಕೆಟ್ಟಿನಲ್ಲಿ ಅದೇ ಮಣ್ಣಿನ ಪದರಗಳ ನಡುವೆ ಮಳೆಗಾಲಕ್ಕೆಂದು ಇಡುತ್ತಾರೆ. "ಗಾಳಿ ಆಡಲಿ. ಆಟಿ ತಿಂಗಳಿಗೆ ಬರ್ತೇವಲ್ಲ, ಬಂದು ಸಾರು ಮಾಡುವ" ಎಂದಿದ್ದರು. ಎಲ್ಲ ಮುಗಿದ ಮೇಲೆ ಮುಚ್ಚೋಣವೆಂದು ಬಿಟ್ಟಿದ್ದೆ. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿಯವನು ಹಾರ್ನ್ ಮಾಡಿದ.

ನನ್ನ ಗಂಡ ದೀಪೇಶನ ಬಳಿ ಎರಡು ತಿಂಗಳು ಇದ್ದು ಬರಲು ಹೊರಟವರು ಹನ್ನೊಂದು ತಿಂಗಳು ಅಲ್ಲೇ ಉಳಿದೆವು. ಬೀಗದ ಕೈ ಎದುರು ಫ್ಲ್ಯಾಟಿನ ಮೆರ್ಲಿನ್ ಬಳಿ ಇತ್ತು. ತಿಂಗಳಿಗೊಮ್ಮೆ ನಾನು ಕೇಳುತ್ತಿದ್ದೆ, ತಿಂಗಳಿಗೊಮ್ಮೆ ಅವಳು ಬರೆಯುತ್ತಿದ್ದಳು: ಎಲ್ಲಾ ಓಕೆ.

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಮಂಗಳೂರಿನ ಉರ್ವದ ನಮ್ಮ ಮೂರನೇ ಮಹಡಿಗೆ ಮರಳಿದೆವು. ನಾನು, ಅತ್ತೆ, ಮತ್ತು ದೀಪೇಶನ ತಮ್ಮ ಮೋಕ್ಷಿತ್. ಬಹರೈನ್‌ನಲ್ಲೇ ಕೆಲಸದಲ್ಲಿರುವ ಮೋಕ್ಷಿತ್‌ಗೆ ಇಪ್ಪತ್ತು ದಿನಗಳ ರಜೆ. ಬರುವ ಆದಿತ್ಯವಾರ ಹುಡುಗಿಯ ಕಡೆಯವರು ಮನೆ ನೋಡಲು ಬರುವವರಿದ್ದರು. ಹುಡುಗ ಹುಡುಗಿ ಒಪ್ಪಿದ ಮೇಲೂ ನಮ್ಮಲ್ಲಿ ಇದೊಂದು ಬಾಕಿ ಇರುತ್ತದೆ. ಹಿರಿಯರು ಬಂದು ಕಾಫಿ ಕುಡಿದು, ಗೋಡೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ನೋಡದವರಂತೆ ನೋಡಿ ಹೋಗುತ್ತಾರೆ. ಮೋಕ್ಷಿತ್‌ನ ಹಿಂದಿನ ಎರಡು ಸಂಬಂಧಗಳು ಈ ಹಂತದಲ್ಲೇ ನಿಂತಿದ್ದವು. ಒಬ್ಬರು ಮನೆ ಚಿಕ್ಕದೆಂದರು, ಇನ್ನೊಬ್ಬರು ಫೋನನ್ನೇ ಮಾಡಲಿಲ್ಲ. ಈ ಸಲದ ಹುಡುಗಿ ತೃಷಾ, ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಮೂರು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮೂವತ್ನಾಲ್ಕು ವರ್ಷದ ಮೋಕ್ಷಿತ್ ವಿಮಾನದಲ್ಲಿ ಕೂಡ ಸುಮ್ಮಸುಮ್ಮನೆ ನಗುತ್ತಿದ್ದ.

ಬಾಗಿಲು ತೆರೆದಾಗ ಬೂಸಲು ವಾಸನೆಗೆ ಸಿದ್ಧಳಾಗಿದ್ದ ನನ್ನ ಮೂಗಿಗೆ ಬಂದದ್ದು ಒದ್ದೆ ಮಣ್ಣಿನ ವಾಸನೆ. ನೆಲದ ಮೇಲೆ ಬಾವಲಿಗಳು ತಿಂದು ಉಗುಳಿದ ಬಾದಾಮಿ ಕಾಯಿಗಳು ಬಿದ್ದಿದ್ದವು. ಕಿಟಕಿಯ ದಂಡೆಗೆ ಹಸಿರು ಪಾಚಿಯ ಅಂಚು. ಟಿವಿಯ ಮೂಲೆಯಲ್ಲಿ ಕಣಜದ ಹುಳ ಮಣ್ಣಿನ ಪುಟ್ಟ ಮಡಕೆಗಳನ್ನು ಸಾಲಾಗಿ ಕಟ್ಟಿತ್ತು. ಬಚ್ಚಲಿನ ಗೋಡೆಯಲ್ಲಿ ಒಂದು ಜರೀಗಿಡ ಎಷ್ಟು ಚೆನ್ನಾಗಿ ಬೆಳೆದಿತ್ತೆಂದರೆ, ಯಾರೋ ಬೇಕೆಂದೇ ನೆಟ್ಟಂತಿತ್ತು. ಬಾಲ್ಕನಿಯಲ್ಲಿ ಬಕೆಟ್ಟು ಒಡೆದು, ಸೊಂಟದೆತ್ತರದ ಹಲಸಿನ ಸಸಿಗಳು ಒಂದನ್ನೊಂದು ತಳ್ಳುತ್ತ ನಿಂತಿದ್ದವು.

"ಮಳೆಗಾಲ ಸರಿ. ಆಮೇಲೆ ಇವಕ್ಕೆ ನೀರು ಯಾರು ಕೊಟ್ಟದ್ದು?" ಎಂದರು ಅತ್ತೆ.

ಮೋಕ್ಷಿತ್ ಮೇಲೆ ಬೆರಳು ತೋರಿಸಿದ. ನಾಲ್ಕನೇ ಮಹಡಿಯವರ ಏಸಿ ಪೈಪು. ಅದರಿಂದ ತೊಟ್ಟಿಕ್ಕುವ ನೀರಿಗಾಗಿ ನಾನು ಅವರೊಂದಿಗೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ.

ನಾನು ಮೆಯಿನ್ ಹಾಕಿ ಹಾಲ್‌ನ ಫ್ಯಾನಿನ ಸ್ವಿಚ್ಚಿಗೆ ಕೈ ಇಟ್ಟೆ. ಒತ್ತುವ ಮೊದಲು ಬೋಲ್ಟು ಸಡಿಲವಾಗಿದೆಯೇ ಎಂದು ತಲೆ ಎತ್ತಿ ನೋಡುವುದು ನನ್ನ ಅಭ್ಯಾಸ. ಇದಕ್ಕಾಗಿ ಮನೆಯಲ್ಲಿ ಎಲ್ಲರೂ ನನ್ನನ್ನು ತಮಾಷೆ ಮಾಡುತ್ತಾರೆ. ಫ್ಯಾನಿನ ಮೋಟರಿನ ಮೇಲೆ, ರೆಕ್ಕೆಗಳ ನಡುವೆ, ನಾರಿನ ಒಂದು ಬಟ್ಟಲಿತ್ತು. ಅದರ ಅಂಚಿನ ಮೇಲೆ ಕಪ್ಪು ಜುಟ್ಟಿನ ಒಂದು ತಲೆ. ಪಿಕಳಾರ ಹಕ್ಕಿ. ಅದು ನನ್ನನ್ನು ನೋಡಿತು. ನಾನು ಸ್ವಿಚ್ಚಿನಿಂದ ಕೈ ತೆಗೆದೆ.

ಅಷ್ಟರಲ್ಲಿ ಮೆರ್ಲಿನ್ ಕಾಫಿ ಫ್ಲಾಸ್ಕ್ ಹಿಡಿದು ಬಂದಳು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು.

"ನಿನಗೆ ಗೊತ್ತಿತ್ತಾ?" ಎಂದೆ.

"ಆಗಸ್ಟಿನಲ್ಲಿ ಬಾಗಿಲು ತೆಗೆದೆ ಮಾರಾಯ್ತಿ. ಒಂದು ಬಾವಲಿ ತಲೆಯ ಮೇಲೆ ಬಂತು. ಪುನಃ ಬೀಗ ಹಾಕಿದೆ."

"ಮತ್ತೆ ಎಲ್ಲಾ ಓಕೆ ಅಂತ ಬರೆದದ್ದು?"

"ನಿನಗೆ ಹೇಳಿದ್ರೆ ನೀನು ಮರುದಿನವೇ ವಿಮಾನ ಹತ್ತುತ್ತಿದ್ದೆ. ಈಗ ನೋಡು, ಓಕೆಯೇ ಉಂಟಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಒಂದು ದಿನ ಕಣ್ಣು ತಪ್ಪಿಸಿದರೆ ಕುಸಿದುಬೀಳುತ್ತದೆಂದು ನಂಬಿದ್ದ ಮನೆ, ಹನ್ನೊಂದು ತಿಂಗಳು ನಾನಿಲ್ಲದೆ ಬಹಳ ಚೆನ್ನಾಗಿ ನಡೆದಿತ್ತು. ನನಗೆ ಅವಮಾನವಾಗಬೇಕಿತ್ತು. ಬದಲಿಗೆ ನಗು ಬಂತು.

ಮರುದಿನ ಮೋಕ್ಷಿತ್ ಒಂದು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಸ್ಟೂಲ್ ಹತ್ತಿದ. ಗೂಡನ್ನು ಬಾಲ್ಕನಿಗೆ ಸಾಗಿಸುವುದು ಅವನ ಯೋಜನೆ.

"ಅಲ್ಲಿಗೆ ತಾಯಿ ಬರ್ತದಾ ಅತ್ತಿಗೆ? ನೀವು ಝೂವಾಲಜಿ ಓದಿದವರಲ್ವಾ?"

"ಬರಬಹುದು. ಬಾರದೆಯೂ ಇರಬಹುದು" ಎಂದೆ. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

"ಬಾಣಂತಿಯನ್ನು ಮನೆ ಬಿಡಿಸುವುದುಂಟಾ?" ಎಂದರು ಅತ್ತೆ, ಅಕ್ಕಿ ಆರಿಸುತ್ತ.

"ಅಮ್ಮ, ಒಂಬತ್ತು ಜನ ಬರ್ತಾರೆ. ಮೇ ತಿಂಗಳು. ಫ್ಯಾನ್ ಇಲ್ಲದೆ ಕೂತವರು ಈ ಮನೆಗೆ ಹೆಣ್ಣು ಕೊಡ್ತಾರಾ?"

ಅವನು ಮೇಲಕ್ಕೆ ಇಣುಕಿದ. ಬಹಳ ಹೊತ್ತು ಇಣುಕಿಯೇ ನಿಂತ. ಆಮೇಲೆ ಖಾಲಿ ಬುಟ್ಟಿಯೊಂದಿಗೆ ಇಳಿದ.

"ಮೂರುಂಟು" ಎಂದ. "ಕಣ್ಣು ಬಿಟ್ಟಿವೆ." ಸ್ಟೂಲನ್ನು ಅಡುಗೆಮನೆಯಲ್ಲಿ ಇಟ್ಟು ಬಂದು, ಫ್ಯಾನಿನ ಸ್ವಿಚ್ಚಿಗೆ ತಾನೇ ಟೇಪ್ ಅಂಟಿಸಿದ.

ನನ್ನ ಲೆಕ್ಕದಂತೆ ಮರಿಗಳು ಹಾರಲು ಮಂಗಳವಾರವಾದರೂ ಬೇಕಿತ್ತು. ಮೂರು ದಿನ ಮನೆ ತೊಳೆದೆವು. ಕಣಜದ ಮಡಕೆಗಳನ್ನು ಕೀಳಲು ಕೈ ಬರಲಿಲ್ಲ. ಜರೀಗಿಡವನ್ನು ಅತ್ತೆ ಬಿಡಲಿಲ್ಲ.

ಆದಿತ್ಯವಾರ ಹನ್ನೊಂದೂವರೆಗೆ ಅವರು ಬಂದರು. ಎಲ್ಲರಿಗಿಂತ ಮುಂದೆ ತೃಷಾಳ ಅಜ್ಜ ದುಗ್ಗಪ್ಪ, ನಲವತ್ತು ವರ್ಷ ಸಿಟಿ ಬಸ್ ಓಡಿಸಿದ ದಪ್ಪ ಆಸಾಮಿ. ತೃಷಾಳೂ ಬಂದಿದ್ದಳು. ಒಂದೆಲೆಯೂ ಅಲುಗದ ಸೆಕೆ. ಮೆರ್ಲಿನ್ ಕೊಟ್ಟ ಟೇಬಲ್ ಫ್ಯಾನನ್ನು ಬಾಲ್ಕನಿ ಬಾಗಿಲ ಬಳಿ ಇಟ್ಟಿದ್ದೆವು. ಅದರ ಗಾಳಿಗೆ ಹೆದರಿ ತಾಯಿ ಹಕ್ಕಿ ಎರಡು ಸಲ ಗ್ರಿಲ್ಲಿನವರೆಗೆ ಬಂದು ಹಿಂದೆ ಹೋದದ್ದನ್ನು ನಾನು ನೋಡಿದೆ. ಎದ್ದು ಅದನ್ನೂ ಆರಿಸಿದೆ. ಮೋಕ್ಷಿತ್ ನನ್ನ ಮುಖ ನೋಡಿದ.

ಎರಡು ನಿಮಿಷದಲ್ಲಿ ಎಲ್ಲರ ಕರವಸ್ತ್ರಗಳೂ ಹೊರಬಂದವು. ದುಗ್ಗಪ್ಪ ಕುತ್ತಿಗೆ ಒರೆಸಿಕೊಂಡರು, ಅಂಗಿಯ ಗುಂಡಿ ಬಿಚ್ಚಿದರು, ಕೊನೆಗೆ ಸ್ವಂತ ಮನೆಯವರಂತೆ ಎದ್ದು ಹೋಗಿ ಸ್ವಿಚ್ಚಿನ ಟೇಪ್ ಕೀಳತೊಡಗಿದರು. ನಾನು ಕಾಫಿಯ ತಟ್ಟೆಯನ್ನು ಯಾರದೋ ಮಡಿಲಲ್ಲಿಟ್ಟು ಓಡಿ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ನಿಂತೆ.

ಹುಡುಗನ ಅತ್ತಿಗೆ ಹುಡುಗಿಯ ಅಜ್ಜನ ಕೈ ತಡೆದಿದ್ದಳು. ಮಾಡಬಾರದ್ದನ್ನು ಮಾಡಿದ್ದೆ.

"ಅಜ್ಜ, ಅದು ನಾನು ಅಂಟಿಸಿದ್ದು" ಎಂದ ಮೋಕ್ಷಿತ್. ಎದ್ದು ನಿಂತಿದ್ದ. "ಮೇಲೆ ಮಕ್ಕಳಿದ್ದಾರೆ. ಮಂಗಳವಾರದವರೆಗೆ ಹಾಕಲಿಕ್ಕಿಲ್ಲ. ನಿಮಗೆ ಸೆಕೆಯಾಗ್ತದೆ, ಗೊತ್ತುಂಟು. ಆದರೂ ಹಾಕಲಿಕ್ಕಿಲ್ಲ."

ಒಂಬತ್ತು ತಲೆಗಳು ಮೇಲಕ್ಕೆದ್ದವು. ಆಗಲೇ ತಾಯಿ ಕೊಕ್ಕಿನಲ್ಲಿ ಹಸಿರು ಹುಳ ಹಿಡಿದು ಗ್ರಿಲ್ಲಿನಿಂದ ಒಳಗೆ ಬಂತು. ಬಟ್ಟಲಿನ ಅಂಚಿನಲ್ಲಿ ಮೂರು ಬಾಯಿಗಳು ಅರಳಿದವು.

ದುಗ್ಗಪ್ಪ ಸ್ವಿಚ್ಚಿನಿಂದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಕೇಳಿದರು, "ಮನೆ ಎಷ್ಟು ಸಮಯ ಖಾಲಿ ಇತ್ತು?"

"ಹನ್ನೊಂದು ತಿಂಗಳು."

"ಇನ್ನೂ ಎಂತೆಲ್ಲ ಉಂಟು?" ಇದನ್ನು ಕೇಳಿದವಳು ತೃಷಾ.

ಮೋಕ್ಷಿತ್ ಅವಳಿಗೆ ಬಾಲ್ಕನಿಯ ಕಾಡು ತೋರಿಸಿದ. ಏಸಿ ಪೈಪನ್ನು ತಾನೇ ಯೋಜಿಸಿದ್ದೆಂಬಂತೆ ವಿವರಿಸಿದ. ಉಳಿದವರೂ ಕಾಫಿ ಹಿಡಿದು ಹಿಂದೆಯೇ ಹೋದರು. ಮನೆ ನೋಡಲು ಬಂದವರು ನಿಜಕ್ಕೂ ಮನೆ ನೋಡಿದರು, ಬಚ್ಚಲಿನ ಜರೀಗಿಡದವರೆಗೆ.

"ಒಂದು ಫ್ಲ್ಯಾಟಿಗೆ ಇಷ್ಟಾದರೆ, ಮಂಗಳೂರಿಡೀ ಖಾಲಿಯಾದರೆ ಎಂತ ಆಗಬಹುದು?" ಎಂದಳು ತೃಷಾ.

"ಎರಡು ಮಳೆಗಾಲ ಸಾಕು" ಎಂದ ಮೋಕ್ಷಿತ್. "ಸೇತುವೆಯ ಮೇಲೆ ಹುಲ್ಲು, ಮಾಲ್‌ಗಳ ಒಳಗೆ ಕಪ್ಪೆ."

"ಪಂಪ್‌ವೆಲ್ ಸರ್ಕಲ್‌ನಲ್ಲಿ ನವಿಲು ಎರಡೂ ಬದಿ ನೋಡದೆ ರಸ್ತೆ ದಾಟಬಹುದು" ಎಂದರು ದುಗ್ಗಪ್ಪ. "ನನಗೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಆಗಲಿಲ್ಲ."

"ಉರ್ವ ಮಾರ್ಕೆಟಿನ ಬೆಕ್ಕುಗಳು?" ಎಂದರು ಅತ್ತೆ. "ಮೀನಿನವಳು ಬರ್ತಾಳೆಂದು ಎರಡು ದಿನ ಕಾಯ್ತಾವೆ. ಮೂರನೇ ದಿನ ಬೈದುಕೊಂಡು ಕಡಲಿಗೆ ಹೋಗ್ತಾವೆ."

"ನಿಮ್ಮ ಬೀಜಗಳು ಆಗ ಊರಿಡೀ ಹಲಸು ಮಾಡ್ತಾವೆ ಅಮ್ಮ" ಎಂದಳು ತೃಷಾ. ಅಮ್ಮ ಎಂದು ಕರೆದದ್ದನ್ನು ನಾನು ಗಮನಿಸಿದೆ. ಅತ್ತೆಯೂ ಗಮನಿಸಿದರು. ಅವಳ ತಟ್ಟೆಗೆ ಇನ್ನೊಂದು ಗೋಳಿಬಜೆ ಹಾಕಿದರು.

ಅರ್ಧ ಗಂಟೆಗೆಂದು ಬಂದವರು ಎರಡು ಗಂಟೆ ಕೂತರು. ಹೊರಡುವಾಗ ದುಗ್ಗಪ್ಪರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ, ನಮ್ಮನ್ನು ನೋಡದೆ ಹೇಳಿದರು:

"ಬರುವ ಆದಿತ್ಯವಾರ ನೀವು ನಮ್ಮಲ್ಲಿಗೆ ಬನ್ನಿ. ಮದುವೆಗೆ ದಿನ ನೋಡುವ. ನಮ್ಮಲ್ಲಿ ಫ್ಯಾನ್ ತಿರುಗ್ತದೆ."

"ಬರ್ತೇವೆ, ಬರ್ತೇವೆ" ಎಂದರು ಅತ್ತೆ. ತೃಷಾ ಮೆಟ್ಟಿಲಿಳಿಯುವ ಮೊದಲು ತಿರುಗಿ ಮೋಕ್ಷಿತ್‌ಗೆ, "ಮರಿಗಳು ಹಾರುವಾಗ ಫೋನ್ ಮಾಡಿ. ಡ್ಯೂಟಿಯಲ್ಲಿದ್ದರೂ ತೆಗೀತೇನೆ" ಎಂದಳು.

ನಾನು ಲೋಟಗಳನ್ನು ಒಟ್ಟುಮಾಡಿ ಹಾಲ್‌ಗೆ ಬಂದಾಗ ಮೋಕ್ಷಿತ್ ಹೊಸ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿದ್ದ. ಹಣೆಯಿಂದ ಬೆವರು ಕಿವಿಗೆ ಇಳಿಯುತ್ತಿತ್ತು. ಫೋನು ಎದೆಯ ಮೇಲೆ, ಕಣ್ಣು ಗೂಡಿನ ಮೇಲೆ.

"ಅತ್ತಿಗೆ, ಬನ್ನಿ" ಎಂದ ಪಿಸುದನಿಯಲ್ಲಿ. "ದೊಡ್ಡದು ರೆಕ್ಕೆ ಬಡಿದು ನೋಡ್ತಾ ಉಂಟು."

ನಾನು ಲೋಟಗಳನ್ನು ಕೆಳಗಿಟ್ಟು, ಅವನ ಪಕ್ಕದಲ್ಲಿ ನೆಲಕ್ಕೆ ಕೂತು ತಲೆ ಎತ್ತಿದೆ.