ಮನೆಗೊಂದು ಕಲ್ಲು

ಕೊನೆಯ ಬುಟ್ಟಿ ಮಣ್ಣು ಸುರಿದು ರಾಮಪ್ಪ ಕೈ ಕೊಡವಿಕೊಂಡ. ಉಳಿದವರೂ ಕೊಡವಿಕೊಂಡರು. ಸಪ್ಪಲಮ್ಮ ಆ ಕೈಗಳನ್ನೇ ಒಂದೊಂದಾಗಿ ನೋಡಿದಳು. ಎಲ್ಲವೂ ಖಾಲಿ.

"ಕಲ್ಲು?" ಎಂದಳು.

ಅವಳ ಗಂಡ ತಿಮ್ಮರಾಯಪ್ಪನನ್ನು ಹೂತ ಮಣ್ಣು ಮೊಣಕಾಲೆತ್ತರ ಗುಪ್ಪೆಯಾಗಿ, ಈಗಷ್ಟೇ ಬೀಸಿದ ಹಿಟ್ಟಿನ ಹಾಗೆ ಮೆತ್ತಗೆ ಕೂತಿತ್ತು.

"ಬಾರಕ್ಕಾ, ಓಗಾಣ," ಪಕ್ಕದ ಮನೆಯ ಗೋವಿಂದಮ್ಮ ತೋಳು ಹಿಡಿದಳು.

"ಕಲ್ಲು ಮಡಗದೆ ಎಂಗೆ ಓಗಾದು? ಇವತ್ತೇ ನರಿ ಬಗೀತಾವೆ."

"ಕಲ್ಲಾ?" ಎಂದ ರಾಮಪ್ಪ. ಅವಳ ಒಡಹುಟ್ಟಿದ ಅಣ್ಣ, ಎರಡೂವರೆ ವರ್ಷದಿಂದ ಅವಳ ಹೊಸಿಲು ತುಳಿದವನಲ್ಲ. "ಬೆಟ್ಟದಾಗೆ ಕಲ್ಲು ಎಲ್ಲೈತವ್ವಾ? ಎಲ್ಲಾನೂ ಒತ್ತು ಎಲ್ಲಿ ಮಡಗಿದೆ ಅಂತ ನಿನ್ ಗಂಡನ್ನೇ ಕೇಳು. ಈಗ ಪುರುಸೊತ್ತಾಗವ್ನೆ."

ಹಿಂದೆ ನಿಂತಿದ್ದ ಮುರುಗೇಶ ಕಿಸಕ್ಕನೆ ನಕ್ಕು, ಬಾಯಿಗೆ ಟವಲು ಅಡ್ಡ ಹಿಡಿದ.

ಸತ್ತವರ ಮೇಲೆ ಮನೆಗೊಂದು ಕಲ್ಲು ಇಡುವುದು ಆ ಊರಿನ ರೂಢಿ. ನರಿಯ ಭಯ ಒಂದು. ಭಾರವಿಲ್ಲದ ಹೆಣ ಎದ್ದು ಊರ ದಾರಿ ಹಿಡಿಯುತ್ತದೆಂಬ ಭಯ ಇನ್ನೊಂದು. ಇಳಿಜಾರಿನ ತುಂಬ ಅಂಥ ಕಲ್ಲುಗುಪ್ಪೆಗಳಿದ್ದವು. ಈಗ ಉಳಿದಿದ್ದು ಕಲ್ಲು ಕಿತ್ತ ಕುಳಿಗಳಷ್ಟೇ.

* * *

ತೊಂಬತ್ತೈದರ ಬೇಸಿಗೆಯಲ್ಲಿ ಮೆಟ್ಟೂರಿನ ಕಡೆಯಿಂದ ಜೀಪು ಬಂದಿತ್ತು. ಬೆಟ್ಟ ಹಸಿರು ಮಾಡುವ ಸ್ಕೀಮು. ಹಳ್ಳಕ್ಕೆ ಕಲ್ಲುಕಟ್ಟೆ, ಇಳಿಜಾರಿಗೆ ಸಸಿ, ಊರಿಗೊಂದು ಕಮಿಟಿ. ಫಾರೆಸ್ಟರ್ ಪಳನಿಸ್ವಾಮಿ ಗುಪ್ಪೆಗಳಿಗೆಲ್ಲ ಸುಣ್ಣದ ಗುರುತು ಹಾಕಿಸಿದ. ಅವನ ಕಣ್ಣಿಗೆ ಅವು ಬರೀ ಕಲ್ಲು. ಯಾವುದರ ಮೇಲೂ ಹೆಸರಿರಲಿಲ್ಲ.

"ಅದು ನಮ್ಮಪ್ಪ ಸಾರ್," ಎಂದಿದ್ದ ತಿಮ್ಮರಾಯಪ್ಪ.

"ಎದು?" ಯಾವುದೆಂದು ಪಳನಿಸ್ವಾಮಿ ತಮಿಳಿನಲ್ಲಿ ಕೇಳಿದ್ದ.

"ಆ ಗುಪ್ಪೆ."

ಕುರಿದೊಡ್ಡಿಯ ಗೋಡೆ ಕಟ್ಟುವುದರಲ್ಲಿ ತಿಮ್ಮರಾಯಪ್ಪನದು ಎತ್ತಿದ ಕೈ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸುತ್ತಿದ್ದ. ಕಮಿಟಿ ನಿಮ್ಮದೇ, ನೀರೂ ನಿಮ್ಮದೇ, ಕುರಿಗಳು ಊರ ಮಗ್ಗುಲಲ್ಲೇ ಕುಡಿಯಬಹುದು ಎಂದರು ಜೀಪಿನವರು. ಅವನು ನಂಬಿದ. ಮೊದಲು ಕಟ್ಟೆಗೆಂದು ತನ್ನಪ್ಪನ ಗುಪ್ಪೆಯನ್ನೇ ಬಿಚ್ಚಿದ. ಆಮೇಲೆ ಮನೆಮನೆಗೆ ಹೋಗಿ ಕೈಮುಗಿದು ಕೇಳಿದ. ರಾಮಪ್ಪ ತನ್ನ ಅವ್ವನ ಗುಪ್ಪೆಯ ಕಲ್ಲುಗಳನ್ನು ಕೊಟ್ಟ.

ಮೊದಲ ಮಳೆಗೆ ಕಟ್ಟೆ ತುಂಬಿತು. ನೀರಿನ ಹಿಂದೆಯೇ ಮುಳ್ಳುತಂತಿ ಬಂತು. ನೀರು ಒಳಗೆ, ಕುರಿ ಹೊರಗೆ. ಕುರಿ ಬಾಯಿ ಹಾಕಿದರೆ ಸಸಿ ಸಾಯುತ್ತದಂತೆ. ಸಸಿ ಉಳಿದರೆ ಇಡೀ ಲೋಕದ ಗಾಳಿ ತಣ್ಣಗಾಗುತ್ತದಂತೆ. ಆ ಲೋಕದೊಳಗೆ ಈ ಊರು ಇತ್ತೋ ಇಲ್ಲವೋ ಯಾರೂ ಹೇಳಲಿಲ್ಲ. ಅರ್ಧ ಮಂದೆ ಮೇಚೇರಿ ಸಂತೆಯಲ್ಲಿ ಕರಗಿತು. ಜೀಪಿನವರನ್ನು ಬೈಯಲು ಜೀಪು ಮತ್ತೆ ಬರಬೇಕಲ್ಲ. ಊರು ತಿಮ್ಮರಾಯಪ್ಪನ ಜೊತೆ ಮಾತು ಬಿಟ್ಟಿತು.

ಅವನು ಸಂಜೆ ಸಂಜೆ ತಂತಿಯಡಿ ನುಸುಳಿ, ಕಟ್ಟೆಗೆ ಕಿವಿ ಹಚ್ಚಿ ಕೂರುತ್ತಿದ್ದ. ಮನೆಗೆ ಬಂದು ಸಪ್ಪಲಮ್ಮನಿಗೆ ಹೇಳುತ್ತಿದ್ದ.

"ಅಪ್ಪ ಕೆಮ್ತಾವ್ನೆ ಕಣೇ. ನಿಮ್ಮವ್ವ ಬೈತಾವ್ಳೆ."

"ಏನಂತ?"

"ಎದ್ದೋಗಕ್ಕೂ ಬಿಡದಂಗೆ ಕಟ್ಟಿದ್ದೀಯಲ್ಲೋ ಅಂತ."

* * *

ಸಪ್ಪಲಮ್ಮ ಗೋವಿಂದಮ್ಮನ ಕೈ ಕೊಸರಿಕೊಂಡು ತಂತಿಯಡಿ ತೂರಿದಳು. ಸೆರಗು ಸಿಕ್ಕಿ ಹರಿಯಿತು. ಕಟ್ಟೆಯ ಕಲ್ಲೊಂದಕ್ಕೆ ಹತ್ತೂ ಬೆರಳು ಹಾಕಿ ಜಗ್ಗಿದಳು. ಅಲುಗಲಿಲ್ಲ. ಇನ್ನೊಂದನ್ನು ಜಗ್ಗಿದಳು. ಉಗುರು ಕಿತ್ತು ರಕ್ತ ಬಂತು.

"ಅಮ್ಮಾ, ತೊಡಾದೀಂಗ!" ಮುಟ್ಟಬೇಡಿ ಎಂದು ಕೈಯಾಡಿಸುತ್ತ ನರ್ಸರಿ ಕಡೆಯಿಂದ ಪಳನಿಸ್ವಾಮಿ ಓಡಿಬಂದ. "ನಾಳೈಕ್ಕಿ ಇನ್‌ಸ್ಪೆಕ್ಷನ್! ಫಾರಿನ್‌ನವರು ಬರ್ತಾರೆ. ಇದು ಗವರ್ಮೆಂಟ್ ಸೊತ್ತು."

"ಇದು ನಮ್ಮವ್ವ," ಎಂದಳು ಅವಳು, ತಿರುಗಿಯೂ ನೋಡದೆ.

ರಾಮಪ್ಪ ಗುಂಡಿ ತೋಡಿದ ಹಾರೆ ಹಿಡಿದು ಇಳಿದು ಬಂದ. ತಂಗಿಯನ್ನು ಸರಿಸಿ ಸಂದಿಗೆ ಹಾರೆ ಕೊಟ್ಟು ಮೈಭಾರ ಬಿಟ್ಟ. ಜಾರಿತು. ಮತ್ತೆ ಒತ್ತಿದ. ಕಟ್ಟೆಯ ಹೊಟ್ಟೆಯೊಳಗಿಂದ ಸದ್ದೊಂದು ಬಂತು. ಕಫ ಕಟ್ಟಿದ ಮುದುಕಿ ಮಗ್ಗುಲು ಬದಲಿಸುತ್ತ ಕೆಮ್ಮಿದ ಹಾಗೆ.

ರಾಮಪ್ಪ ಹಾರೆ ಬಿಟ್ಟುಬಿಟ್ಟ.

"ಕೇಳಿಸ್ತೇನಣ್ಣಾ?"

"ಊಂ." ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಕಣವ್ವಾ. ಬಾವ ಕಚ್ಚಿಸಿರೋದು, ಬರಾಕಿಲ್ಲ. ಬಂದ್ರೂ ನೀರು ಓಯ್ತದೆ."

ಅವನು ನೀರನ್ನು ನೋಡಿದ. ಆಮೇಲೆ ಮೇಲಕ್ಕೆ, ಬೇಲಿಯಾಚೆ ನೋಡಿದ. ಸಾವಿನ ಮನೆಯ ಗಡಿಬಿಡಿಯಲ್ಲಿ ಯಾರೂ ಮೇಯಿಸಲು ಒಯ್ಯದ ಮಂದೆ ಮಣ್ಣಿನ ಗುಪ್ಪೆಯ ಹಿಂದೆ ಬಂದು ನಿಂತಿತ್ತು. ನೀರಿನ ವಾಸನೆಗೆ ಕತ್ತು ಚಾಚಿತ್ತು.

ರಾಮಪ್ಪ ಹಾರೆ ಎತ್ತಿಕೊಂಡು ನೆಟ್ಟಗೆ ಬೇಲಿಗೆ ಹೋದ. ಒಂದು ಕಂಬ ಮೀಟಿದ. ಇನ್ನೊಂದು. ತಂತಿ ಕುಂಯ್ಯೆಂದು ನೆಲಕ್ಕೆ ಬಿತ್ತು.

"ಯೋವ್! ಆಡು ಉಳ್ಳೆ ವರಕ್ಕೂಡಾದು!" ಒಳಗೆ ಬಿಡಬಾರದೆಂದು ಪಳನಿಸ್ವಾಮಿ ಕಿರುಚಿದ.

"ಆಡಲ್ಲ ಸಾರ್, ಕುರಿ," ಎಂದು ರಾಮಪ್ಪ ನಾಲಿಗೆ ಹೊರಳಿಸಿ ಕೂಗಿದ. ಮಂದೆ ನುಗ್ಗಿತು.

"ಅಣ್ಣಾ, ಅವ್ರನ್ನ ತುಳೀತಾವೆ!"

"ತುಳೀಲಿ. ನರಿ ಉಗುರು ಇಳಿಯದಂಗೆ ತುಳೀಲಿ."

ಗೋವಿಂದಮ್ಮ ಒಂದು ಬದಿಗೆ ಸೆರಗು ಬೀಸುತ್ತ ನಿಂತಳು, ಮುರುಗೇಶ ಇನ್ನೊಂದು ಬದಿಗೆ ಟವಲು. ಕುರಿಗಳು ಅತ್ತಿತ್ತ ಸರಿಯಲಾಗದೆ ಗುಪ್ಪೆಯ ಮೇಲೆಯೇ ಹತ್ತಿ ಇಳಿದವು. ಗೊರಸಿನ ಸದ್ದಿಗೆ ನೆಲ ಅದುರಿತು.

ಪಳನಿಸ್ವಾಮಿ ಹೆಸರು ಬರೆದುಕೊಳ್ಳಲು ನೋಟ್‌ಬುಕ್ ತೆಗೆದ. "ಯಾರ್ ಆಡು ಇದು? ಪೇರು ಸೊಲ್ಲುಂಗ!"

"ನಮ್ದು," ಎಂದಳು ಗೋವಿಂದಮ್ಮ.

"ನಮ್ದೂನೂ," ಎಂದ ಮುರುಗೇಶ.

"ನಮ್ದು."

"ಬರ್ಕೊಳ್ಳಿ ಸಾರ್, ನಮ್ದು."

ಮನೆಮನೆಯವರೂ ಒಬ್ಬೊಬ್ಬರಾಗಿ ಹೇಳಿದರು. ಪಳನಿಸ್ವಾಮಿಯ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು.

ಕುಡಿದು ಹೊಟ್ಟೆ ಉಬ್ಬಿದ ಮಂದೆ ಅದೇ ದಾರಿಯಲ್ಲಿ ನಿಧಾನ ಹಿಂತಿರುಗಿತು. ಗುಪ್ಪೆ ಇರಲಿಲ್ಲ. ನೆಲ ಕಣದಂತೆ ಗಟ್ಟಿಯಾಗಿತ್ತು. ಮುದಿ ಕುರಿಯೊಂದು ಅಲ್ಲೇ ನಿಂತು ಮೂತಿ ತಗ್ಗಿಸಿತು. ಅದರ ಗದ್ದದಿಂದ ತೊಟ್ಟಿಕ್ಕಿದ ನೀರು ಗೊರಸಿನ ಗುರುತೊಂದರಲ್ಲಿ ತುಸು ಹೊತ್ತು ನಿಂತು, ಕೆಳಗಿನಿಂದ ಯಾರೋ ಹೀರಿದ ಹಾಗೆ ಇಳಿದುಹೋಯಿತು.